ಎಂಜೈಮ್ ಹಾಕಿ ಡಿಸಿಪಿ ಇಳಿಸದಿದ್ರೆ ದುಡ್ಡು ಗೊಬ್ಬರದ ಗುಂಡಿಗೆ

ವಡ್ಡು, ತೋರಣಗಲ್ಲು, ಸಂಡೂರು, ಹೊಸಪೇಟೆ ಕಡೆ ಮೊಟ್ಟೆ ಕೋಳಿ ಸಾಕೋ ಅಣ್ಣ-ತಮ್ಮಂದಿರೇ, ಈ ಸಲ ಜಗಳಕ್ಕೇ ಬಂದೀನಿ. ಫೀಡಿಗೆ ಫೈಟೇಸ್ ಎಂಜೈಮೂ ಹಾಕಿ, ಡಿಸಿಪಿನೂ ಮೊದಲಿನಷ್ಟೇ ಹಾಕೋರು ಒಂದೇ ಸಾಮಾನಿಗೆ ಎರಡು ಸಲ ದುಡ್ಡು ಕೊಡ್ತಿದೀರಿ.

ಮೊಟ್ಟೆ ರೇಟು ನಮ್ಮ ಕೈಯಾಗಿಲ್ಲ. ಎನ್‌ಇಸಿಸಿಯ ಹೊಸಪೇಟೆ ರೇಟು ನೋಡಿ ವ್ಯಾಪಾರ ಮಾಡೋರು ನಾವು. ಕೈಯಾಗಿರೋದು ಫೀಡು ಒಂದೇ, ಖರ್ಚಿನಾಗ ಮೂರರಲ್ಲಿ ಎರಡು ಪಾಲು ಅದಕ್ಕೇ ಹೋಗುತ್ತೆ.

ಮೆಕ್ಕೆಜೋಳ, ಸೋಯಾ ಹಿಂಡಿ, ಸೂರ್ಯಕಾಂತಿ ಹಿಂಡಿ, ಕಂಪ್ಲಿ-ಗಂಗಾವತಿ ಮಿಲ್ಲಿನ ತೌಡು, ಇವುಗಳಲ್ಲೆಲ್ಲ ರಂಜಕ ಐತೆ. ಆದ್ರೆ ಅದರ ಸುಮಾರು ಮೂರರಲ್ಲಿ ಎರಡು ಪಾಲು ಫೈಟೇಟ್ ರೂಪದಾಗ ಬೀಗ ಹಾಕಿಕೊಂಡು ಕೂತಿರುತ್ತೆ. ತೌಡಿನಾಗ ಇನ್ನೂ ಜಾಸ್ತಿ. ಕೋಳಿ ಹೊಟ್ಟೆಗೆ ಆ ಬೀಗ ತೆಗೆಯೋ ಶಕ್ತಿ ಕಮ್ಮಿ, ಅದಕ್ಕೇ ಹೊರಗಿಂದ ಡಿಸಿಪಿ ತರ್ತೀವಿ. ಫೈಟೇಸ್ ಆ ಬೀಗ ತೆಗೆಯುತ್ತೆ. ಒಳಗಿನದೇ ಸಿಕ್ಕ ಮೇಲೆ ಹೊರಗಿಂದ ಅಷ್ಟೇ ಯಾಕೆ ತರಬೇಕು?

ಲೆಕ್ಕ ಹಾಕಿ. 10,000 ಕೋಳಿ, ಒಂದಕ್ಕೆ ದಿನಕ್ಕೆ 110 ಗ್ರಾಂ ಅಂದ್ರೆ 1,100 ಕೆಜಿ ಫೀಡು. ಒಂದು ಗ್ರಾಂಗೆ 5,000 ಯುನಿಟ್ ಇರೋ ಫೈಟೇಸ್ ಟನ್ನಿಗೆ 100 ಗ್ರಾಂ ಹಾಕಿದ್ರೆ ಕೆಜಿ ಫೀಡಿಗೆ 500 ಯುನಿಟ್ ಬೀಳುತ್ತೆ. ಅಷ್ಟಕ್ಕೆ ಟನ್ನಿಗೆ 5 ಕೆಜಿ ಡಿಸಿಪಿ ಇಳಿಸೋ ಜಾಗ ಸಾಮಾನ್ಯವಾಗಿ ಇರುತ್ತೆ. ವರ್ಷಕ್ಕೆ ಸುಮಾರು 2 ಟನ್ ಡಿಸಿಪಿ ಆಯ್ತು. ಈಗಿನ ರೇಟಿಗೆ ನೀವೇ ಗುಣಿಸಿ.

"ಜಾಸ್ತಿ ಆದ್ರೆ ಏನಾಗುತ್ತೆ ಬಿಡಣ್ಣ, ಚಿಪ್ಪು ಗಟ್ಟಿ ಆಗುತ್ತೆ" ಅಂತಾನೆ ಮಾರೋಕೆ ಬಂದ ಹುಡುಗ. ಸುಳ್ಳು. ಚಿಪ್ಪಿಗೆ ಬೇಕಾಗಿರೋದು ಮುಖ್ಯವಾಗಿ ಕ್ಯಾಲ್ಸಿಯಂ. ರಂಜಕ ಅತಿಯಾದ್ರೆ ಚಿಪ್ಪು ಕೆಡುತ್ತೆ, ಉಳಿದದ್ದು ಹಿಕ್ಕೆಯಾಗ ಹೋಗುತ್ತೆ. 1991ರಲ್ಲಿ ಹಾಲೆಂಡ್‌ನಾಗ ಫೈಟೇಸ್ ಮಾರಾಟಕ್ಕೆ ಬಂದಾಗ ಅಲ್ಲಿನೋರ ದೊಡ್ಡ ಚಿಂತೆನೇ ಗೊಬ್ಬರದ ರಂಜಕ ನೀರು ಕೆಡಿಸ್ತಿರೋದು. ನಾವು ಅದೇ ಪುಡಿ ಹಾಕಿ ರಂಜಕ ಇನ್ನೂ ಏರಿಸ್ತಿದೀವಿ!

ಇನ್ನೊಂದು ಮೋಸ, ಎಂಟು ಹೆಸರಿನ "ಮಲ್ಟಿ ಎಂಜೈಮ್". ಯಾವುದು ಎಷ್ಟು ಯುನಿಟ್ ಅಂತ ಪಾಕೀಟಿನ ಮೇಲೆ ಇಲ್ಲಂದ್ರೆ ತಗೋಬೇಡಿ. ಅದರಾಗಿನ ಸುಮಾರು ಎಂಜೈಮ್ ಗೋಧಿ, ಬಾರ್ಲಿ ತಿನ್ನಿಸೋ ದೇಶದಾಗ ಚಲೋ ಕೆಲಸ ಮಾಡ್ತಾವೆ, ಮೆಕ್ಕೆಜೋಳ-ಸೋಯಾ ಫೀಡಿನಾಗ ಅಷ್ಟು ಲಾಭ ಕಾಣಲ್ಲ. "ಬಿಸಿ ತಡೆಯೋ ಕೋಟಿಂಗ್" ಅಂತ ಜಾಸ್ತಿ ದುಡ್ಡು ಕೇಳಿದ್ರೂ ಕೊಡಬೇಡಿ. ಅದು ಹಬೆಯಾಗ ಪೆಲೆಟ್ ಒತ್ತೋರಿಗೆ ಬೇಕು. ನಾವು ಹಾಕೋದು ಪುಡಿ ಫೀಡು. ಆದ್ರೆ ನಮ್ಮ ಬ್ಯಾಸಗಿಯಾಗ ಚೀಲ ತಗಡಿನ ಶೆಡ್ಡಿನಾಗ ಇಡಬೇಡಿ, ಎಂಜೈಮಿನ ಶಕ್ತಿ ಇಳಿಯುತ್ತೆ.

ಹಂಗಂತ ಡಿಸಿಪಿ ಒಮ್ಮೆಲೇ ಸೊನ್ನೆ ಮಾಡಬೇಡಿ, ಮೂಳೆ ಸೊರಗಿ ಕೋಳಿ ಕಾಲು ಬಿಡ್ತಾವೆ. ಎರಡು-ಮೂರು ಹಂತದಾಗ ಇಳಿಸಿ, ಚಿಪ್ಪು, ಒಡೆದ ಮೊಟ್ಟೆ ಲೆಕ್ಕ ಬರೆದಿಡಿ. ಸುಣ್ಣದ ಕಲ್ಲು ಕಮ್ಮಿ ಮಾಡಬೇಡಿ. ಆದ್ರೆ ಎಲ್ಲಾ ನುಣ್ಣಗಿನ ಪುಡಿನೇ ಬ್ಯಾಡ, ಅದು ಫೈಟೇಟಿಗೆ ಅಂಟಿಕೊಂಡು ಎಂಜೈಮಿಗೆ ಅಡ್ಡ ಬರುತ್ತೆ. ಒಂದಷ್ಟು ದಪ್ಪ ಚೂರು ಇರಲಿ.

ಮುಂದಿನ ಸಲ ಪುಡಿ ಮಾರೋರು ಬಂದ್ರೆ ಎರಡೇ ಮಾತು ಕೇಳಿ: ಗ್ರಾಂಗೆ ಎಷ್ಟು ಯುನಿಟ್? ನನ್ನ ಫೀಡಿನಾಗ ಎಷ್ಟು ಡಿಸಿಪಿ ಇಳಿಸಲಿ, ಬರೆದು ಕೊಡ್ತೀಯಾ? ಬರೆದು ಕೊಡದವನ ಚೀಲ ಗೇಟಿನ ಹೊರಗೇ ಇರಲಿ.