ಸೋತ ದಾಖಲೆ, ನೂರು ಮೈಲಿಯ ತೋಳು

2011ರಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ಬೇಸ್‌ಬಾಲ್ ತಂಡದಲ್ಲಿ ಇಬ್ಬರು ಹೆಸರಾಂತ ಪಿಚರ್‌ಗಳಿದ್ದರು, ಅಂದರೆ ಚೆಂಡು ಎಸೆಯುವವರು. ಟ್ರೆವರ್ ಬಾವರ್ ಆ ಋತುವಿನಲ್ಲಿ 13 ಪಂದ್ಯ ಗೆದ್ದು ಎರಡರಲ್ಲಿ ಮಾತ್ರ ಸೋತರು. ಒಂಬತ್ತು ಇನಿಂಗ್ಸ್‌ಗೆ ಅವರು ಬಿಟ್ಟುಕೊಟ್ಟ ರನ್‌ಗಳ ಸರಾಸರಿ ಬರೀ 1.25. ದೇಶದ ಅತ್ಯುತ್ತಮ ಹವ್ಯಾಸಿ ಆಟಗಾರನಿಗೆ ಸಲ್ಲುವ ಗೋಲ್ಡನ್ ಸ್ಪೈಕ್ಸ್ ಪ್ರಶಸ್ತಿಯೂ ಅವರದಾಯಿತು. ಇನ್ನೊಬ್ಬರು ಗೆರಿಟ್ ಕೋಲ್. ಗೆದ್ದದ್ದು ಆರು, ಸೋತದ್ದು ಎಂಟು, ಸರಾಸರಿ 3.31. ಆದರೆ ಜೂನ್‌ನಲ್ಲಿ, ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್ ನಡೆದಾಗ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಎಲ್ಲರಿಗಿಂತ ಮೊದಲು ಕೂಗಿದ್ದು ಕೋಲ್ ಹೆಸರನ್ನು. ಸಹಿ ಹಾಕಿದ್ದಕ್ಕೆ 80 ಲಕ್ಷ ಡಾಲರ್ ಬೋನಸ್ ಕೊಟ್ಟಿತು. ಡ್ರಾಫ್ಟ್ ಇತಿಹಾಸದಲ್ಲಿ ಅಲ್ಲಿಯವರೆಗೆ ಯಾರಿಗೂ ಅಷ್ಟು ಸಿಕ್ಕಿರಲಿಲ್ಲ. ಬಾವರ್ ಮೂರನೆಯವರಾಗಿ ಅರಿಜೋನಾ ತಂಡಕ್ಕೆ ಹೋದರು.

ಪೈರೇಟ್ಸ್‌ಗೆ ಲೆಕ್ಕ ಬರುತ್ತಿರಲಿಲ್ಲವೇ? ಬರುತ್ತಿತ್ತು. ಕೋಲ್ ಎಸೆದ ಚೆಂಡು ಗಂಟೆಗೆ 100 ಮೈಲಿ, ಅಂದರೆ ಸುಮಾರು 160 ಕಿಲೋಮೀಟರ್ ವೇಗ ಮುಟ್ಟುತ್ತಿತ್ತು. ಆಡಿದ ಇನಿಂಗ್ಸ್‌ಗಳಿಗಿಂತ ಅವರು ಪಡೆದ ಸ್ಟ್ರೈಕ್‌ಔಟ್‌ಗಳೇ, ಅಂದರೆ ಫೀಲ್ಡರ್‌ಗಳ ನೆರವಿಲ್ಲದೆ ಬ್ಯಾಟರ್‌ನನ್ನು ಔಟ್ ಮಾಡಿದ್ದೇ ಹೆಚ್ಚಿತ್ತು. ಪಿಚರ್ ಪಂದ್ಯ ಗೆಲ್ಲುವುದು, ಸೋಲುವುದು ತನ್ನ ತಂಡದ ಬ್ಯಾಟರ್‌ಗಳು ಎಷ್ಟು ರನ್ ಗಳಿಸುತ್ತಾರೆ ಎಂಬುದನ್ನೂ ಅವಲಂಬಿಸಿರುತ್ತದೆ. ಪಿಚರ್ ಒಬ್ಬನೇ ಮಾಡಬಹುದಾದ ಕೆಲಸದಲ್ಲಿ ಕೋಲ್ ಹಿಂದೆ ಬಿದ್ದಿರಲಿಲ್ಲ.

ಐಪಿಎಲ್ ಹರಾಜು ನೋಡಿದವರಿಗೆ ಡ್ರಾಫ್ಟ್ ತುಸು ವಿಚಿತ್ರವಾಗಿ ಕಾಣಬಹುದು. 1965ರಿಂದ ನಡೆದುಬಂದಿರುವ ಈ ಪದ್ಧತಿಯಲ್ಲಿ ಕೂಗಾಟದ ಬೆಲೆ ಇಲ್ಲ. ತಂಡಗಳು ಸರದಿಯ ಮೇಲೆ ಆಟಗಾರರನ್ನು ಆರಿಸಿಕೊಳ್ಳುತ್ತವೆ. ನಾಲ್ಕು ವರ್ಷದ ಕಾಲೇಜಿಗೆ ಸೇರಿದವರು ಸಾಮಾನ್ಯವಾಗಿ ಮೂರನೇ ವರ್ಷ ಮುಗಿದ ಮೇಲೆ ಅರ್ಹರಾಗುತ್ತಾರೆ. ಅಷ್ಟರಲ್ಲಿ ಆಟಗಾರರನ್ನು ಹುಡುಕಿ ಅಳೆಯುವ ಪ್ರತಿ ತಂಡದ ಸ್ಕೌಟ್‌ಗಳೂ ಅವರಿಗೆ 20ರಿಂದ 80ರವರೆಗಿನ ಅಳತೆಯಲ್ಲಿ ಅಂಕ ಕೊಟ್ಟಿರುತ್ತಾರೆ. 50 ಬಂದರೆ ಅಗ್ರ ಹಂತವಾದ ಮೇಜರ್ ಲೀಗ್‌ನ ಸರಾಸರಿ ಆಟಗಾರ ಎಂದರ್ಥ. ಚೆಂಡಿಗೆ ಬ್ಯಾಟ್ ತಾಗಿಸುವುದು, ದೂರ ಹೊಡೆಯುವುದು, ಓಟ, ಎಸೆತ, ಫೀಲ್ಡಿಂಗ್ ಎಂದು ಒಂದೊಂದಕ್ಕೂ ಬೇರೆ ಅಂಕ. ಅದರಲ್ಲೂ ಈಗ ಎಷ್ಟು, ಮುಂದೆ ಎಷ್ಟಾಗಬಹುದು ಎಂದು ಎರಡು ಕಾಲಂ.

ಜಗಳವಿರುವುದು ಆ ಎರಡು ಕಾಲಂಗಳ ನಡುವಿನ ಅಂತರದಲ್ಲಿ. ಮುಂದಿನ ಅಂಕ 70, ಈಗಿನ ಅಂಕ 35 ಇರುವ ಹುಡುಗನನ್ನು ಏನು ಮಾಡಬೇಕು?

ಪ್ರತಿಭೆಯನ್ನು ನಂಬುವವರು, ದಾಖಲೆಯನ್ನು ನಂಬುವವರು ಎಂಬ ಎರಡು ಪಂಗಡಗಳೂ ಒಮ್ಮೊಮ್ಮೆ ಮುಗ್ಗರಿಸಿವೆ. ಬಿಲ್ಲಿ ಬೀನ್ ಅವರನ್ನು 1980ರಲ್ಲಿ ಹೈಸ್ಕೂಲು ಮುಗಿಸುತ್ತಿದ್ದಂತೆಯೇ ನ್ಯೂಯಾರ್ಕ್ ಮೆಟ್ಸ್ ಮೊದಲ ಸುತ್ತಿನಲ್ಲಿ ಆರಿಸಿಕೊಂಡಿತು. ಸ್ಕೌಟ್‌ಗಳ ಕಣ್ಣಿಗೆ ಅವರು ಎಲ್ಲ ಗುಣಗಳೂ ಇದ್ದ ಆಟಗಾರ. ಮೇಜರ್ ಲೀಗ್‌ನಲ್ಲಿ ಆಡಿದ್ದು 148 ಪಂದ್ಯ, ಬ್ಯಾಟಿಂಗ್ ಸರಾಸರಿ 0.219. ಮುಂದೆ ಓಕ್‌ಲೆಂಡ್ ತಂಡದ ಜನರಲ್ ಮ್ಯಾನೇಜರ್ ಆದಾಗ ಬೀನ್ ಹಟ ಹಿಡಿದವರಂತೆ ತದ್ವಿರುದ್ಧ ದಾರಿ ತುಳಿದರು. 2002ರಲ್ಲಿ ಅಲಬಾಮಾ ವಿಶ್ವವಿದ್ಯಾಲಯದ ಕ್ಯಾಚರ್ ಜೆರೆಮಿ ಬ್ರೌನ್ ಅವರ ದಪ್ಪ ಮೈಯನ್ನು ಬದಿಗಿಟ್ಟು, ಕಾಲೇಜಿನ ದಾಖಲೆಯನ್ನಷ್ಟೇ ನೋಡಿ 35ನೆಯವರಾಗಿ ಆರಿಸಿದರು. ಬ್ರೌನ್ ಮೇಜರ್ ಲೀಗ್‌ನಲ್ಲಿ ಆಡಿದ್ದು ಐದೇ ಪಂದ್ಯ.

ಹೀಗಿರುವಾಗ ಪ್ರತಿಭೆ ಮುಖ್ಯವೋ ದಾಖಲೆ ಮುಖ್ಯವೋ ಎಂಬ ವಾದವನ್ನು ಎಷ್ಟು ಎಳೆದರೂ ದಡ ಮುಟ್ಟುವುದಿಲ್ಲ. ತಂಡದ ಮುಂದಿರಬೇಕಾದ ಪ್ರಶ್ನೆ ಬೇರೆ: ಈ ಹುಡುಗನ ದಾಖಲೆ ಯಾಕೆ ಕೆಟ್ಟಿತು? ಕಾರಣ ಹೇಳಬಲ್ಲ ತಂಡ ಧೈರ್ಯವಾಗಿ ಮುಂದುವರಿಯಬಹುದು. ಕಾರಣ ಗೊತ್ತಿಲ್ಲದೆ, ನಮ್ಮ ಕೋಚ್‌ಗಳು ತಿದ್ದುತ್ತಾರೆ ಬಿಡಿ ಎನ್ನುವ ತಂಡ ಜೂಜಾಡುತ್ತಿದೆ.

ಕಾರಣಗಳು ಎಲ್ಲರಿಗೂ ಒಂದೇ ಅಲ್ಲ. ದಕ್ಷಿಣ ಕ್ಯಾರೊಲಿನಾ ವಿಶ್ವವಿದ್ಯಾಲಯದ ಜಾಕಿ ಬ್ರ್ಯಾಡ್ಲಿ ಜೂನಿಯರ್ 2010ರ ಕಾಲೇಜ್ ವರ್ಲ್ಡ್ ಸೀರೀಸ್‌ನ ಅತ್ಯುತ್ತಮ ಆಟಗಾರ. ಮರುವರ್ಷ ಅವರ ಬ್ಯಾಟಿಂಗ್ ಸರಾಸರಿ ನೆಲ ಕಚ್ಚಿತು, ಮಣಿಕಟ್ಟಿಗೂ ಪೆಟ್ಟಾಯಿತು. ಅದೇ 2011ರಲ್ಲಿ ಕಾಲೇಜು ಕ್ರೀಡೆಯ ಆಡಳಿತ ಮಂಡಳಿ ಲೋಹದ ಬ್ಯಾಟುಗಳ ಪುಟಿತವನ್ನು ತಗ್ಗಿಸುವ ಹೊಸ ಮಾನದಂಡ ತಂದಿತ್ತು. ದೇಶದುದ್ದಕ್ಕೂ ಹೋಮ್ ರನ್‌ಗಳು ಕುಸಿದವು. ಹಿಂದಿನ ವರ್ಷದ ಅಂಕಿಯ ಪಕ್ಕದಲ್ಲಿ ಆ ವರ್ಷದ್ದನ್ನು ಸುಮ್ಮನೆ ಇಟ್ಟು ನೋಡಿದವರಿಗೆ ಮೋಸವಾಗುವುದು ಖಂಡಿತವಿತ್ತು. ಬಾಸ್ಟನ್ ರೆಡ್ ಸಾಕ್ಸ್ ಅವರನ್ನು 40ನೆಯವರಾಗಿ ತೆಗೆದುಕೊಂಡಿತು. ಬ್ಯಾಟಿನಲ್ಲಿ ಅವರು ಎಂದೂ ಸ್ಥಿರವಾಗಲಿಲ್ಲ, ನಿಜ. ಆದರೆ 2018ರಲ್ಲಿ ತಂಡ ಚಾಂಪಿಯನ್ ಆದಾಗ ಅಮೆರಿಕನ್ ಲೀಗ್ ಫೈನಲ್ ಸರಣಿಯ ಶ್ರೇಷ್ಠ ಆಟಗಾರ ಅವರೇ.

ಜೇಕಬ್ ಡಿಗ್ರಾಮ್ ಕಥೆಯಲ್ಲಿ ಕಾರಣ ಇನ್ನೂ ಸರಳ. ಫ್ಲಾರಿಡಾದ ಸ್ಟೆಟ್ಸನ್ ವಿಶ್ವವಿದ್ಯಾಲಯದಲ್ಲಿ ಅವರದು ಶಾರ್ಟ್‌ಸ್ಟಾಪ್ ಎಂಬ ಫೀಲ್ಡಿಂಗ್ ಸ್ಥಾನ, ಬ್ಯಾಟಿಂಗ್ ಅಷ್ಟಕ್ಕಷ್ಟೆ. ಪಿಚಿಂಗ್‌ಗೆ ಗಂಭೀರವಾಗಿ ಇಳಿದದ್ದು ಮೂರನೇ ವರ್ಷದಲ್ಲಿ. ಸರಾಸರಿ 4.48 ಎಂಬುದನ್ನು ಅನುಭವಿ ಪಿಚರ್‌ನ ವೈಫಲ್ಯ ಎಂದು ಓದಬಹುದಿತ್ತು, ಹೊಸ ಕೆಲಸಕ್ಕೆ ಕೈಹಾಕಿದವನ ಮೊದಲ ಫಲಿತಾಂಶ ಎಂದೂ ಓದಬಹುದಿತ್ತು. 2010ರ ಒಂಬತ್ತನೇ ಸುತ್ತಿನಲ್ಲಿ 272ನೆಯವರಾಗಿ ಮೆಟ್ಸ್ ಅವರನ್ನು ಆರಿಸಿತು. 2018 ಮತ್ತು 2019ರಲ್ಲಿ ನ್ಯಾಷನಲ್ ಲೀಗ್‌ನ ಶ್ರೇಷ್ಠ ಪಿಚರ್‌ಗೆ ಸಲ್ಲುವ ಸೈ ಯಂಗ್ ಪ್ರಶಸ್ತಿ ಅವರಿಗೇ ಬಂತು.

ಆರನ್ ಜಡ್ಜ್ ಅವರದು ಮತ್ತೊಂದು ಬಗೆ. ಎತ್ತರ 6 ಅಡಿ 7 ಅಂಗುಲ, ಅದಕ್ಕೆ ತಕ್ಕ ಮೈಕಟ್ಟು. ಫ್ರೆಸ್ನೊ ಸ್ಟೇಟ್ ಕಾಲೇಜಿನ ಎರಡನೇ ವರ್ಷ ಅವರು ಹೊಡೆದದ್ದು ನಾಲ್ಕೇ ಹೋಮ್ ರನ್. ಮೂರನೇ ವರ್ಷ ಅದು 12ಕ್ಕೆ ಏರಿತು. ಅದೇ ಋತುವಿನಲ್ಲಿ ಸ್ಯಾನ್ ಡಿಯೇಗೊ ವಿಶ್ವವಿದ್ಯಾಲಯದ ಕ್ರಿಸ್ ಬ್ರಯಂಟ್ 31 ಹೊಡೆದಿದ್ದರು. ಅಭ್ಯಾಸದಲ್ಲಿ ಕಾಣುವ ಬಲ ಪಂದ್ಯದಲ್ಲಿ ಪೂರ್ತಿ ಕಾಣುತ್ತಿಲ್ಲ ಎಂಬ ಶಂಕೆ ಸಹಜವೇ. ಯಾಂಕೀಸ್ ತಂಡ ಕೂಡ 2013ರಲ್ಲಿ ಮೊದಲು 26ನೆಯವರಾಗಿ ಎರಿಕ್ ಜಗಿಯೆಲೊ ಅವರನ್ನು ಆರಿಸಿ, ಆಮೇಲೆ 32ನೇ ಸರದಿಯಲ್ಲಿ ಜಡ್ಜ್ ಅವರನ್ನು ತೆಗೆದುಕೊಂಡಿತು. ಜಗಿಯೆಲೊ ಮೇಜರ್ ಲೀಗ್ ಮುಟ್ಟಲಿಲ್ಲ. ಜಡ್ಜ್ 2022ರಲ್ಲಿ 62 ಹೋಮ್ ರನ್ ಹೊಡೆದು ಒಂದೇ ಋತುವಿನ ಅಮೆರಿಕನ್ ಲೀಗ್ ದಾಖಲೆ ಮುರಿದರು.

ಗೆದ್ದವರ ಹೆಸರನ್ನಷ್ಟೇ ಎಣಿಸುತ್ತಾ ಹೋದರೆ ಪ್ರತಿಭೆ ಇದ್ದವರೆಲ್ಲ ಒಂದು ದಿನ ಅರಳುತ್ತಾರೆ ಎಂಬ ಭ್ರಮೆ ಹುಟ್ಟುತ್ತದೆ. ಆ್ಯಂಡ್ರೂ ಬ್ರ್ಯಾಕ್‌ಮನ್ ಅವರನ್ನೂ ಎಣಿಸಬೇಕು. 6 ಅಡಿ 10 ಅಂಗುಲ ಎತ್ತರ, ವೇಗದ ಚೆಂಡು, ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲನ್ನೂ ಆಡಿದ ದೇಹ. 2007ರಲ್ಲಿ ಇದೇ ಯಾಂಕೀಸ್ ಮೊದಲ ಸುತ್ತಿನಲ್ಲಿ ಆರಿಸಿತು. ಮೊಣಕೈಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆಯಾಯಿತು. ವಾಸಿಯಾಗಿ ಬಂದ ಮೇಲೆ ಕೆಳ ಹಂತದ ಮೈನರ್ ಲೀಗ್‌ನಲ್ಲಿ ಚೆಂಡನ್ನು ಸ್ಟ್ರೈಕ್ ವಲಯದೊಳಗೆ ಇಡುವುದೇ ದೊಡ್ಡ ಪಾಡಾಯಿತು. 2011ರಲ್ಲಿ ಮೇಜರ್ ಲೀಗ್‌ನ ಮೂರು ಪಂದ್ಯ ಆಡಿದ್ದೇ ಅವರ ಒಟ್ಟು ಗಳಿಕೆ. ಇತ್ತ ಕೋಲ್ ಮತ್ತು ಬಾವರ್ ನಡುವೆ ಎರಡನೆಯವರಾಗಿ ಆಯ್ಕೆಯಾದ ವರ್ಜೀನಿಯಾ ವಿಶ್ವವಿದ್ಯಾಲಯದ ಡ್ಯಾನಿ ಹಲ್ಟ್‌ಜನ್ ಅವರ ಕಾಲೇಜು ದಾಖಲೆ ಹೊಳೆಯುತ್ತಿತ್ತು. ಭುಜದ ಗಾಯಗಳು ಕಾಡಿ ಅವರು ಮೇಜರ್ ಲೀಗ್‌ಗೆ ಕಾಲಿಡುವಷ್ಟರಲ್ಲಿ 2019 ಬಂದಿತ್ತು.

ಯಾವ ದೋಷ ತಿದ್ದಬಹುದು, ಯಾವುದು ಕಷ್ಟ ಎಂಬ ವಿವೇಚನೆ ಬೇಕಾಗುವುದು ಇಲ್ಲೇ. ಗಾಯ ವಾಸಿಯಾಗುವ ಜಾತಿಯದಾದರೆ, ಫೀಲ್ಡರ್‌ಗಳು ಕೈಬಿಟ್ಟು ರನ್ ಹೆಚ್ಚಾಗಿದ್ದರೆ, ಹುಡುಗ ಆ ಕೆಲಸಕ್ಕೇ ಹೊಸಬನಾಗಿದ್ದರೆ, ತಪ್ಪಾದ ಚೆಂಡನ್ನೇ ಪದೇಪದೇ ಎಸೆಯುತ್ತಿದ್ದರೆ ಆಶೆಗೆ ಆಧಾರವಿದೆ. ಗಾಯವೂ ಇಲ್ಲದೆ ಮೂರು ವರ್ಷ ಸತತ ಆಡಿದ ಬ್ಯಾಟರ್, ಕಾಲೇಜು ಮಟ್ಟದ ಚೆಂಡಿಗೇ ಬ್ಯಾಟ್ ತಾಗಿಸಲಾರದೆ ಹೋದರೆ ಅವನ ಮೈಕಟ್ಟು ನೋಡಿ ಮೊದಲ ಸುತ್ತಿನ ದುಡ್ಡು ಸುರಿಯುವುದು ದುಡುಕು. ಅಂಥವನನ್ನು ಹತ್ತನೇ ಸುತ್ತಿನಲ್ಲಿ ತೆಗೆದುಕೊಂಡರೆ ಯಾರೂ ಆಡಿಕೊಳ್ಳುವುದಿಲ್ಲ.

ತಿದ್ದುವವರು ಯಾರು ಎಂಬುದೂ ಲೆಕ್ಕಕ್ಕೆ ಬರಬೇಕು. ಕೋಲ್ ಪಿಟ್ಸ್‌ಬರ್ಗ್‌ನಲ್ಲಿ 2015ರಲ್ಲಿ 19 ಪಂದ್ಯ ಗೆದ್ದರೂ 2017ರ ಹೊತ್ತಿಗೆ ಮತ್ತೆ ಮಂಕಾಗಿದ್ದರು. 2018ರಲ್ಲಿ ಹ್ಯೂಸ್ಟನ್ ತಂಡಕ್ಕೆ ಹೋದ ಮೇಲೆ ಅಲ್ಲಿನವರು ಅವರ ಎಸೆತಗಳ ಮಿಶ್ರಣವನ್ನೇ ಬದಲಿಸಿದರು: ಕೆಳಕ್ಕಿಳಿಯುವ ಸಿಂಕರ್ ಕಡಿಮೆ, ನೇರ ವೇಗದ ಚೆಂಡು ಮತ್ತು ಬಾಗುವ ಕರ್ವ್ ಹೆಚ್ಚು. 2019ರಲ್ಲಿ ಅವರು 326 ಸ್ಟ್ರೈಕ್‌ಔಟ್ ಪಡೆದರು. ತೋಳು ಅದೇ ಇತ್ತು.

ಈಗ ಡ್ರಾಫ್ಟ್ 40 ಸುತ್ತುಗಳಿಂದ 20ಕ್ಕೆ ಇಳಿದಿದೆ, ಮೈನರ್ ಲೀಗ್ ತಂಡಗಳನ್ನು 2021ರಲ್ಲಿ 120ಕ್ಕೆ ಕಡಿತ ಮಾಡಲಾಗಿದೆ. ಮಂಕಾದ ಮೂರನೇ ವರ್ಷದ ಹುಡುಗ ಕಡಿಮೆ ಬೋನಸ್‌ಗೆ ಒಪ್ಪದಿದ್ದರೆ ನಾಲ್ಕನೇ ವರ್ಷಕ್ಕೆ ಕಾಲೇಜಿಗೆ ಮರಳಬಹುದು, ಆದರೆ ಆಮೇಲೆ ಚೌಕಾಸಿ ಮಾಡಲು ಅವನ ಕೈಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ತಂಡಗಳಿಗೆ ಇದು ಗೊತ್ತು, ಬೆಲೆ ಇಳಿಸುವಾಗ ಬಳಸಿಕೊಳ್ಳುತ್ತವೆ ಕೂಡ. ಕನಿಷ್ಠ ಸ್ಕೌಟ್ ವರದಿಯಲ್ಲಿ ಆ ಎರಡು ಕಾಲಂಗಳ ಪಕ್ಕ ಮೂರನೆಯದೊಂದಿರಲಿ: ಅಂತರಕ್ಕೆ ಕಾರಣವೇನು, ಅದನ್ನು ತುಂಬುವ ಕೋಚ್ ಯಾರು, ಎಷ್ಟು ವರ್ಷ ಕಾಯುತ್ತೇವೆ. ಸಹಿ ಹಾಕುವ ಮುನ್ನ ಆ ಕಾಲಂ ಅನ್ನು ಹುಡುಗನಿಗೂ ತೋರಿಸಲಿ.