ನೆಲದಡಿಯ ತರಗತಿ

ಮಳೆಗಾಲದಲ್ಲಿ ಮುಂಬಯಿಯ ವಿದ್ಯಾರ್ಥಿಗಳು ಎದ್ದೊಡನೆ ನೋಡುವುದು ಆಕಾಶವನ್ನು. ರಾತ್ರಿಯೆಲ್ಲ ಮಳೆ ಹೊಯ್ದು, ಹಳಿಗಳ ಮೇಲೆ ನೀರು ನಿಂತು, ಲೋಕಲ್ ಗಾಡಿಗಳು ಅಲ್ಲಲ್ಲಿಯೇ ತಂಗಿದುವೆಂಬ ಸುದ್ದಿ ಬಂದರೆ ನಮ್ಮ ಮುಖಗಳು ಅರಳುವುವು. ಶಾಲೆಗೆ ರಜೆಯೆಂದು ತಿಳಿಯಿತೋ, ಚಾಳಿನ ಈ ತುದಿಯಿಂದ ಆ ತುದಿಯವರೆಗೆ ಹರ್ಷೋದ್ಗಾರ! ಕಳೆದ ಮಳೆಗಾಲದಲ್ಲಿ ಅಂತಹ ರಜೆಯೊಂದು ದೊರೆತಾಗ ನಾವೂ ಕುಣಿದೆವು; ಅದನ್ನು ಮುಚ್ಚಿಡಬೇಕಾದ ಕಾರಣವಿಲ್ಲ. ಆದರೆ ಅಂದು ಮಧ್ಯಾಹ್ನ ನಾಲ್ಕೈದು ಮಂದಿ ಒಂದೆಡೆ ಸೇರಿ ಹಳೆಯ ಪತ್ರಿಕೆಗಳನ್ನು ತಿರುವುತ್ತಿದ್ದಾಗ ಕಣ್ಣಿಗೆ ಬಿದ್ದ ಒಂದು ಚಿತ್ರವು ನಮ್ಮ ಸಂತೋಷವನ್ನು ಕುರಿತು ನಮ್ಮನ್ನೇ ಯೋಚನೆಗೆ ಹಚ್ಚಿತು.

ಕಿಟಕಿಯಿಲ್ಲದ ಕೋಣೆ. ಅದರೊಳಗೆ ಪುಟ್ಟ ಮಕ್ಕಳು ಸಾಲಾಗಿ ಕುಳಿತು, ಉಪಾಧ್ಯಾಯಿನಿಯ ಪ್ರಶ್ನೆಗೆ ಉತ್ತರ ಹೇಳಲು ಕೈಯೆತ್ತಿದ್ದರು. ಅದು ಯುಕ್ರೇನ್ ದೇಶದ ಖಾರ್ಕಿವ್ ನಗರದ ಮೆಟ್ರೋ ನಿಲ್ದಾಣವೆಂದು ಕೆಳಗೆ ಬರೆದಿತ್ತು.

ಖಾರ್ಕಿವ್ ಸಣ್ಣ ಊರಲ್ಲ. ಯುದ್ಧಕ್ಕೆ ಮೊದಲು ಸುಮಾರು 14 ಲಕ್ಷ ಜನ ವಾಸವಾಗಿದ್ದ, ಆ ದೇಶದ ಎರಡನೆಯ ದೊಡ್ಡ ನಗರ, ವಿಶ್ವವಿದ್ಯಾಲಯಗಳಿಗೆ ಹೆಸರಾದುದು. ಆದರೆ ರಷ್ಯದ ಗಡಿ ಅಲ್ಲಿಂದ ಕೆಲವೇ ಹತ್ತು ಕಿಲೋಮೀಟರುಗಳ ದೂರ. 2022ರ ಫೆಬ್ರವರಿ 24ರಂದು ರಷ್ಯದ ಸೇನೆ ಯುಕ್ರೇನಿನ ಮೇಲೆ ಏರಿಬಂದಾಗ ಸಾವಿರಾರು ಕುಟುಂಬಗಳು ಹಾಸಿಗೆ ಹೊದಿಕೆಗಳೊಡನೆ ನೆಲದಡಿಯ ನಿಲ್ದಾಣಗಳಿಗೆ ಇಳಿದುವು. ನಿಂತ ಗಾಡಿಗಳ ಡಬ್ಬಿಗಳೇ ಅವರಿಗೆ ಮನೆಗಳಾದುವು. ಮೇ ತಿಂಗಳ ಕೊನೆಯಲ್ಲಿ ಗಾಡಿಗಳು ಮತ್ತೆ ಓಡತೊಡಗಿದುವಾದರೂ ಶಾಲೆಗಳು ತೆರೆಯಲಿಲ್ಲ. ಗಡಿಯಾಚೆಯಿಂದ ಹಾರಿದ ಕ್ಷಿಪಣಿ ಒಂದು ನಿಮಿಷದೊಳಗೆ ಬಂದು ಬೀಳಬಲ್ಲುದು. ಸೈರನ್ ಕೇಳಿ ಮಕ್ಕಳನ್ನು ಸಾಲುಗಟ್ಟಿಸಿ ಕೆಳಗಿಳಿಸುವಷ್ಟು ವ್ಯವಧಾನವೆಲ್ಲಿ? ಆದುದರಿಂದ 2023ರ ಸೆಪ್ಟೆಂಬರಿನಲ್ಲಿ ನಗರದವರು ಶಾಲೆಯನ್ನೇ ಕೆಳಗಿಳಿಸಿದರು. ನಿಲ್ದಾಣಗಳಲ್ಲಿ ಗೋಡೆಗಳನ್ನು ಕಟ್ಟಿ, ಸುಮಾರು 60 ಕೋಣೆಗಳನ್ನು ಮಾಡಿ, ಸಾವಿರಕ್ಕೂ ಮಿಕ್ಕಿ ಮಕ್ಕಳನ್ನು ಪಾಳಿಯಲ್ಲಿ ಕೂರಿಸಿದರು. 2024ರ ಮೇ ತಿಂಗಳಲ್ಲಿ ಪೂರ್ತಿಯಾಗಿ ನೆಲದೊಳಗೇ ಕಟ್ಟಿದ ಹೊಸ ಶಾಲೆಯೊಂದೂ ಅಲ್ಲಿ ತೆರೆಯಿತು.

ನಮ್ಮನ್ನು ಹೆಚ್ಚಾಗಿ ತಟ್ಟಿದುದು ಇಸವಿಗಳ ಲೆಕ್ಕ. ಕೊರೋನಾ ಕಾಲದಲ್ಲಿ, 2020ರ ಮಾರ್ಚಿನಿಂದ ಹೆಚ್ಚುಕಡಿಮೆ ಎರಡು ವರ್ಷ, ನಾವೂ ಬೆಂಚು ಬಿಟ್ಟು ಫೋನಿನ ಮುಂದೆ ಕುಳಿತಿದ್ದವರೇ. ಒಂದೇ ಕೋಣೆಯಲ್ಲಿ ತಾಯಿಯ ಒಗ್ಗರಣೆಯ ಸದ್ದು, ತಮ್ಮನ ಅಳು, ನಡುವೆ ಗಣಿತದ ಪಾಠ—ಅದನ್ನು ನಮ್ಮಲ್ಲಿ ಯಾರು ಮರೆತಾರು? 2022ರ ಜನವರಿ, ಫೆಬ್ರವರಿಗಳಲ್ಲಿ ನಾವು ಸಮವಸ್ತ್ರ ತೊಟ್ಟು ಹಿಂದಿರುಗಿದೆವು. ಗೆಳೆಯರ ಎತ್ತರವನ್ನು ಕಂಡು ಬೆರಗಾದೆವು. ಸರಿಯಾಗಿ ಅದೇ ದಿನಗಳಲ್ಲಿ ಖಾರ್ಕಿವಿನ ಮಕ್ಕಳಿಗೆ ಶಾಲೆಯ ಬಾಗಿಲು ಎರಡನೆಯ ಸಲ ಮುಚ್ಚಿತು. ನಾವು ಮರಳಿದೆವು, ಅವರು ಮರಳಲಿಲ್ಲ. ಇದರಲ್ಲಿ ನಮ್ಮ ಪುಣ್ಯವಾಗಲಿ ಅವರ ತಪ್ಪಾಗಲಿ ಏನಿತ್ತು?

ಆ ನಗರ ನಮಗೆ ತೀರ ಅಪರಿಚಿತವೂ ಅಲ್ಲ. ಕನ್ನಡನಾಡಿನಿಂದ ವೈದ್ಯವಿದ್ಯೆ ಕಲಿಯಲು ಹೋಗಿದ್ದ ತರುಣನೊಬ್ಬನು 2022ರ ಮಾರ್ಚ್ 1ರಂದು ಅಲ್ಲಿ ಆಹಾರ ಸಾಮಗ್ರಿಗಾಗಿ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತಿದ್ದಾಗ ಶೆಲ್ ದಾಳಿಗೆ ಬಲಿಯಾದನು. ಸಾಲಿನಲ್ಲಿ ನಿಲ್ಲುವುದೆಂದರೆ ನಮಗೆ ಗೊಣಗಲು ಒಂದು ಅವಕಾಶ! ಬಸ್ಸಿಗೆ ಸಾಲು, ರೇಷನ್ನಿಗೆ ಸಾಲು, ನಲ್ಲಿಗೆ ಸಾಲು. ಆ ಸಾಲಿನಿಂದ ಮನೆಗೆ ಹಿಂದಿರುಗುವೆವೆಂಬುದರಲ್ಲಿ ನಮಗೆ ಸಂದೇಹವೇ ಹುಟ್ಟುವುದಿಲ್ಲ.

“ತಟ್ಟೆಯಲ್ಲಿ ಅನ್ನ ಬಿಡಬೇಡ, ಯುದ್ಧದ ನಾಡಿನಲ್ಲಿ ಮಕ್ಕಳು ಹಸಿದಿದ್ದಾರೆ” ಎಂದು ಹಿರಿಯರು ಹೇಳುವುದುಂಟು. ಅವರ ಮಾತಿಗೆ ಎದುರಾಡಿದೆವೆಂದು ತಿಳಿಯಬಾರದು. ಆದರೆ ನಾವು ಉಂಡು ಮುಗಿಸಿದ ತುತ್ತು ಅಲ್ಲಿಯ ಯಾವ ಮಗುವಿನ ಬಾಯಿಗೂ ಹೋಗುವುದಿಲ್ಲ. ಮಳೆಯ ರಜೆಗೆ ಕುಣಿದುದೂ ಅಪರಾಧವಲ್ಲ. ನಾಳೆ ಶಾಲೆ ಇದ್ದೇ ಇರುವುದೆಂಬ ಭರವಸೆಯಿಂದಲೇ ಇಂದಿನ ರಜೆ ಸಿಹಿಯಾಗುವುದು. ಆ ಭರವಸೆಯೇ ಖಾರ್ಕಿವಿನ ಮಕ್ಕಳಿಗೆ ಇಲ್ಲದೆಹೋದುದು.

ನಮಗೆ ತಪ್ಪಾಗಿ ತೋರುವುದು ಬೇರೆ. ಬಾಂಬು ಬೀಳುವ ಚಲಚ್ಚಿತ್ರಗಳನ್ನು ನಮ್ಮಲ್ಲಿ ಕೆಲವರು ಫೋನಿನಿಂದ ಫೋನಿಗೆ ದಾಟಿಸುತ್ತ, ಕ್ರಿಕೆಟ್ಟಿನ ಪಂದ್ಯದಂತೆ ಒಂದು ಪಕ್ಷ ವಹಿಸಿ ಕೇಕೆ ಹಾಕುವರು. ಆ ಹೊಗೆಯ ಕೆಳಗೆ ಒಂದು ಅಡುಗೆಮನೆಯಿತ್ತು, ಅರ್ಧ ಬರೆದ ಮನೆಪಾಠದ ಪುಸ್ತಕವಿತ್ತು ಎಂಬುದು ಅವರಿಗೆ ಕಾಣುವುದಿಲ್ಲ. ಇನ್ನು ಕೆಲವರಿಗೆ ಒಂದು ವಾರದಲ್ಲಿಯೇ ಬೇಸರ ಬರುವುದು. ಈ ಎರಡನೆಯ ಗುಂಪಿನಲ್ಲಿ ನಾವೂ ಇದ್ದೆವು. 2023ರಿಂದೀಚೆಗೆ ಗಾಜಾದಲ್ಲಿಯೂ ಸುಡಾನಿನಲ್ಲಿಯೂ ಶಾಲೆಗಳೇ ಮನೆ ಕಳೆದುಕೊಂಡವರ ಬೀಡಾದುವು. ಆ ಸುದ್ದಿ ಬಂದ ಪುಟವನ್ನು ನಾವು ಎಷ್ಟು ಸಲ ಹಾಗೆಯೇ ಮಗುಚಿಲ್ಲ!

1971ರ ಡಿಸೆಂಬರಿನ ಯುದ್ಧಕಾಲದಲ್ಲಿ ಈ ನಗರದಲ್ಲಿಯೂ ರಾತ್ರಿ ದೀಪಗಳನ್ನು ಮರೆಮಾಡಿದ್ದರು. ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿದುದನ್ನು ನೆನೆವ ಅಜ್ಜ ಅಜ್ಜಿಯರು ನಮ್ಮ ಮನೆಗಳಲ್ಲಿ ಇಂದಿಗೂ ಇದ್ದಾರೆ. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಗಳಲ್ಲಿ ತೂಕಡಿಸುತ್ತ ಓದಿ ಮುಂದೆ ಬಂದ ಹಿರಿಯರೂ ಇದ್ದಾರೆ. ನೆಲದಡಿಯಲ್ಲಾದರೂ ಸರಿ, ಪಾಠ ನಡೆಯಲಿ ಎಂದ ಆ ಊರಿನವರ ಹಟ ನಮಗಿಂತ ಅವರಿಗೆ ಬೇಗ ಅರ್ಥವಾದೀತು.

ಮರುದಿನ ಮಳೆ ನಿಂತಿತು, ಗಂಟೆ ಬಾರಿಸಿತು. ಹಿಂದಿನ ಬೆಂಚಿನವರು ಫ್ಯಾನು ತಿರುಗುತ್ತಿಲ್ಲವೆಂದು ಎಂದಿನಂತೆ ದೂರಿಕೊಂಡರು. ಭೂಗೋಳದ ಪಾಠಕ್ಕೆ ಗುರುಗಳು ಯುರೋಪಿನ ನಕಾಶೆಯನ್ನು ತೂಗುಹಾಕಿದಾಗ ನಾವು ಖಾರ್ಕಿವನ್ನು ಹುಡುಕಿದೆವು. ನಕಾಶೆ ಸೋವಿಯತ್ ಕಾಲದ್ದು. ಯುಕ್ರೇನಿಗೆ ಬೇರೆ ಬಣ್ಣವೇ ಇರಲಿಲ್ಲ, ಊರಿನ ಹೆಸರು ಖಾರ್ಕೋವ್ ಎಂದಿತ್ತು. ನಾವು ಅದರ ಮಗ್ಗುಲಲ್ಲಿ ಪೆನ್ಸಿಲಿನಿಂದ ಒಂದು ಗುರುತು ಹಾಕಿದೆವು. ಗುರುಗಳು ನೋಡಿದರು, ಏನೂ ಅನ್ನಲಿಲ್ಲ.