ಶತ್ರುವಿನ ಕಾಲಿನ ಅಳತೆ

ಕಾಬೂಲಿನಲ್ಲಿ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯವರು 1988ರಲ್ಲಿ ತೆರೆದ ಕೇಂದ್ರವೊಂದುಂಟು. ಯುದ್ಧದಲ್ಲಿ ಅವಯವ ಕಳೆದುಕೊಂಡವರಿಗೆ ಅಲ್ಲಿ ಕೃತಕ ಕೈಕಾಲುಗಳನ್ನು ಮಾಡಿಕೊಡುತ್ತಾರೆ. ಮಾಡಿಕೊಡುವವರೂ ಬಹುಮಟ್ಟಿಗೆ ಅಂಗವಿಕಲರೇ. ಅವರಲ್ಲಿ ಅನೇಕರು ನೆಲಬಾಂಬಿಗೋ ಗುಂಡಿಗೋ ಸಿಕ್ಕಿ ಉಳಿದುಕೊಂಡವರು. ಅಳತೆ ಹಿಡಿಯುವವನಿಗೂ ಕಾಲಿಲ್ಲ, ಅಳತೆ ಕೊಡುವವನಿಗೂ ಕಾಲಿಲ್ಲ. ಒಂದು ಕಾಲದಲ್ಲಿ ಅವರಿಬ್ಬರೂ ಎದುರುಬದುರು ಪಕ್ಷಗಳಲ್ಲಿ ನಿಂತಿದ್ದವರಾಗಿರಬಹುದು. ಇದನ್ನು ಕೇಳಿದೊಡನೆ ನಮ್ಮ ಬಾಯಿಗೆ ಬರುವ ಮಾತು ‘ಕ್ಷಮೆ’. ಆ ಮಾತು ತೀರ ಸುಲಭವಾಗಿ ಬಂತೆಂದು ನನ್ನ ಶಂಕೆ.

ಕ್ಷಮೆ ದೊಡ್ಡ ಗುಣ. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಅಲ್ಲಿ ನಡೆಯುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೊದಲು ಮೋಟುಗಾಲಿಗೆ ಪ್ಲಾಸ್ಟರಿನ ಪಟ್ಟಿ ಸುತ್ತಿ ಅಚ್ಚು ತೆಗೆಯುತ್ತಾರೆ. ಅಚ್ಚಿನೊಳಗೆ ಮತ್ತೆ ಪ್ಲಾಸ್ಟರು ಹೊಯ್ದು, ಮೋಟುಗಾಲಿನದೇ ಪ್ರತಿರೂಪವನ್ನು ಪಡೆದು, ಅದನ್ನು ಉಜ್ಜಿ ತಿದ್ದುತ್ತಾರೆ. ಕಾಸಿ ಮೆತ್ತಗಾದ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಹಾಳೆಯನ್ನು ಅದರ ಮೇಲೆ ಹೊದಿಸಿದರೆ ಕಾಲು ಕೂರುವ ಬಟ್ಟಲು ಸಿದ್ಧವಾಗುತ್ತದೆ. ಕೆಳಗೆ ರಬ್ಬರಿನ ಪಾದ. ಹೇಳುವುದಕ್ಕೆ ಇಷ್ಟೇ. ಕಷ್ಟವೆಲ್ಲ ಆ ತಿದ್ದುವುದರಲ್ಲಿದೆ. ಎಲುಬು ಚರ್ಮಕ್ಕೆ ಸಮೀಪವಾಗಿರುವಲ್ಲಿ ಎಡೆ ಬಿಡಬೇಕು. ಮಾಂಸವು ಭಾರ ತಾಳಬಲ್ಲ ಕಡೆ ಬಿಗಿ ಮಾಡಬೇಕು. ಕೊಂಚ ತಪ್ಪಿದರೂ ಹುಣ್ಣಾಗಿ, ಮಾಡಿದ ಕಾಲು ಮನೆಯ ಮೂಲೆ ಸೇರುತ್ತದೆ. ಇಂಥ ಬಟ್ಟಲಿನಲ್ಲಿ ತನ್ನದೇ ಕಾಲನ್ನಿಟ್ಟು ವರ್ಷಗಟ್ಟಲೆ ನಡೆದವನಿಗೆ ಈ ವಿದ್ಯೆ ಪಾಠಕ್ಕೆ ಕೂರುವ ಮೊದಲೇ ಅರ್ಧ ಬಂದಿರುತ್ತದೆ. ‘ಎಲ್ಲಿ ನೋಯುತ್ತದೆ?’ ಎಂದು ಅವನು ಕೇಳಲೇಬೇಕು. ‘ನೀನು ಯಾರ ಕಡೆಯವನು?’ ಎಂದು ಕೇಳಿ ತಿಳಿದುಕೊಂಡರೂ ಅದರಿಂದ ಬಟ್ಟಲಿನ ಅಂಚು ಸರಿಹೋಗದು.

(ನಮ್ಮ ದೇಶದ ಜೈಪುರ ಪಾದದ ಚರಿತ್ರೆಯಲ್ಲಿಯೂ ಇಂಥದೇ ಸ್ವಾರಸ್ಯವಿದೆ. 1960ರ ದಶಕದ ಕೊನೆಯಲ್ಲಿ ಅದು ರೂಪುಗೊಂಡಾಗ ಡಾ. ಪಿ. ಕೆ. ಸೇಠಿಯವರ ವೈದ್ಯಶಾಸ್ತ್ರಕ್ಕೆ ರಾಮಚಂದ್ರ ಶರ್ಮ ಎಂಬ ಕುಶಲಕರ್ಮಿಯ ಕೈ ಜೊತೆಗೂಡಿತ್ತು. ನಮ್ಮ ಜನ ಬರಿಗಾಲಲ್ಲಿ ನಡೆಯುತ್ತಾರೆ, ಚಕ್ಕಂಬಕ್ಕಳ ಹಾಕುತ್ತಾರೆ, ಕುಕ್ಕರಗಾಲಲ್ಲಿ ಕೂರುತ್ತಾರೆ ಎಂಬುದು ಬೂಟು ತೊಡುವ ದೇಶದ ಪಾದಕ್ಕೆ ತಿಳಿದಿರಲಿಲ್ಲ.)

ಕಾಬೂಲಿನ ಕೇಂದ್ರವನ್ನು ದಶಕಗಳ ಕಾಲ ನಡೆಸಿದ ಆಲ್ಬರ್ಟೊ ಕೈರೊ ಇಟಲಿಯವರು. ನ್ಯಾಯಶಾಸ್ತ್ರ ಓದಿ, ಅದನ್ನು ಬಿಟ್ಟು ಫಿಸಿಯೋಥೆರಪಿ ಕಲಿತು, 1990ರಲ್ಲಿ ಅಲ್ಲಿಗೆ ಬಂದರು. 1992ರಲ್ಲಿ ನಜೀಬುಲ್ಲಾ ಸರ್ಕಾರ ಬಿದ್ದ ಮೇಲೆ ಮುಜಾಹಿದೀನರ ಬಣಗಳು ಊರಿನೊಳಗೇ ಕಾದಾಡಿದವು. ಆ ದಿನಗಳಲ್ಲೊಮ್ಮೆ, ಎರಡು ಕಾಲೂ ಒಂದು ಕೈಯೂ ಇಲ್ಲದ ತಂದೆಯನ್ನು ಹುಡುಗನೊಬ್ಬ ಗಾಲಿಕುರ್ಚಿಯಲ್ಲಿ ಕೂರಿಸಿ, ಗುಂಡು ಹಾರುತ್ತಿದ್ದ ಬಯಲಲ್ಲಿ ತಳ್ಳಿಕೊಂಡು ಹೋಗುತ್ತಿದ್ದುದನ್ನು ಕಂಡರು. ಆ ಮನುಷ್ಯನಿಗೆ ಕಾಲು ಮಾಡಿಸಿಕೊಟ್ಟರು. ಕಾಲು ಬಂದ ಮೇಲೆ ಅವನು ಕೇಳಿದ್ದು ಕೆಲಸವನ್ನು. ಒಂಟಿ ಕೈಯಿಂದ ಏನಾದೀತೆಂಬ ಅನುಮಾನ ಹುಟ್ಟಿದ್ದು ಸಹಜವೇ. ಆದರೂ ಕಾರ್ಯಾಗಾರಕ್ಕೆ ಸೇರಿಸಿಕೊಂಡರು. ಅವನು ದುಡಿದು ತೋರಿಸಿದ. ಇಂಥವರಿಂದ ಕಲಿತು, ಅಂಗವಿಕಲರಿಗೇ ಕೆಲಸ ಕೊಡುವುದು ಆ ಕೇಂದ್ರದ ನಿಯಮವಾಯಿತು.

ಅಂಥವನನ್ನು ‘ಮಹಾತ್ಮ’ನೆಂದು ಕರೆದು ಕೈಮುಗಿದರೆ ನಮಗೆ ಖರ್ಚಿಲ್ಲ. ಅವನಿಗೆ ಬೇಕಾದದ್ದು ಸಂಬಳ. ಶತ್ರುವಿಗೆ ಕಾಲು ಮಾಡಿಕೊಟ್ಟದ್ದನ್ನು ಪುಣ್ಯದ ಲೆಕ್ಕಕ್ಕೆ ಬರೆದು ಕೊಂಡಾಡುವವರು, ಆ ದಿನದ ಕೂಲಿಯಿಂದ ಅವನ ಮನೆಗೆ ರೊಟ್ಟಿ ಬಂತೆಂಬುದನ್ನು ಕಿರಿದು ಮಾಡುತ್ತಾರೆ.

ಮರೆಮಾಚಬಾರದ ಒಂದು ಸಂಗತಿಯನ್ನೂ ಹೇಳಬೇಕು. 2017ರ ಸೆಪ್ಟೆಂಬರಿನಲ್ಲಿ, ಮಜಾರ್-ಎ-ಷರೀಫಿನಲ್ಲಿರುವ ಇದೇ ಸಮಿತಿಯ ಕೇಂದ್ರದೊಳಗೆ, ಸ್ಪೇನಿನಿಂದ ಬಂದಿದ್ದ ಫಿಸಿಯೋಥೆರಪಿಸ್ಟ್ ಒಬ್ಬರನ್ನು ಗುಂಡಿಟ್ಟು ಕೊಂದರು. ಕೊಂದವನು ಬಹುಕಾಲದಿಂದ ಅಲ್ಲಿಯೇ ಚಿಕಿತ್ಸೆ ಪಡೆಯುತ್ತಿದ್ದ ರೋಗಿ, ಗಾಲಿಕುರ್ಚಿಯಲ್ಲಿ ಬಂದವನು. ಕಾಲು ಕೊಟ್ಟ ಮಾತ್ರಕ್ಕೆ ಮನಸ್ಸು ತಿರುಗುತ್ತದೆಂದು ನಂಬಿದವರಿಗೆ ಇದಕ್ಕೆ ಉತ್ತರ ಹೇಳುವುದು ಕಷ್ಟ. ಮನಸ್ಸು ತಿರುಗಿದರೆ ಮಾತ್ರ ಕಾಲು ಎಂದಿದ್ದರೆ ಆ ಸಂಸ್ಥೆ ಎಂದೋ ಬಾಗಿಲು ಮುಚ್ಚಬೇಕಿತ್ತು. ಕಾಬೂಲಿನಲ್ಲಿ ಕೆಲಸ ನಡೆದೇ ಇತ್ತು.

2021ರ ಆಗಸ್ಟಿನಲ್ಲಿ ಕಾಬೂಲಿನ ಆಳ್ವಿಕೆ ಮತ್ತೊಮ್ಮೆ ಕೈ ಬದಲಾಯಿಸಿತು. ಸೋತ ಸೇನೆಯ ಸಿಪಾಯಿಯೂ ಗೆದ್ದ ತಾಲಿಬಾನಿನ ಹೋರಾಟಗಾರನೂ ಒಂದೇ ಅಂಗಳದಲ್ಲಿ ಕಾದು ಕೂತರು. ಇಲ್ಲಿ ಇನ್ನೊಂದು ವಿಷಯವುಂಟು. ಬಹುಶಃ ಎಲ್ಲಕ್ಕಿಂತ ಮುಖ್ಯವಾದದ್ದು. ಕೃತಕ ಕಾಲು ಒಮ್ಮೆ ಮಾಡಿದರೆ ಮುಗಿಯುವ ವಸ್ತುವಲ್ಲ. ಮೋಟುಗಾಲು ಬತ್ತುತ್ತದೆ, ರಬ್ಬರು ಸವೆಯುತ್ತದೆ, ಪಟ್ಟಿ ಹರಿಯುತ್ತದೆ. ದೊಡ್ಡವರಿಗೆ ಎರಡು ಮೂರು ವರ್ಷಕ್ಕೊಮ್ಮೆ, ಬೆಳೆಯುವ ಮಕ್ಕಳಿಗೆ ಆರು ತಿಂಗಳಿಗೋ ವರ್ಷಕ್ಕೋ ಹೊಸದು ಬೇಕು. ಗೆದ್ದವನಾದರೂ ಮತ್ತೆ ಅದೇ ಬೆಂಚಿಗೆ ಬಂದು, ಪೈಜಾಮವನ್ನು ಮಂಡಿಯ ಮೇಲಕ್ಕೆ ಮಡಿಸಿ, ಎಲ್ಲಿ ನೋಯುತ್ತದೆಂದು ಬೆರಳಿಟ್ಟು ತೋರಿಸಬೇಕಾಗುತ್ತದೆ.